ಡಬಲ್ ಸೀಟಿ ಊದದ ಕಂಡಕ್ಟರು

ಹೋದ ವಾರ ದಾಂಡೇಲಿ ಬಸ್ ನಿಲ್ದಾಣದ ಬೆಂಚಿನ ಮೇಲೆ ನನ್ನ ಪಕ್ಕ ಕೂತವನು ತಂಬಾಕಿಗೆ ಸುಣ್ಣ ಹಚ್ಚಿ, ಅಂಗೈಯಲ್ಲಿ ತಿಕ್ಕಿ ತಟ್ಟಿದ. ಘಾಟು ಮೂಗಿಗೆ ಹೊಡೆದು ಸೀನು ಬಂತು. ಸೀನಿನ ಜೊತೆಗೇ ನೆನಪಾದವರು ತೊಂಬತ್ತರ ದಶಕದ ಕೊನೆಯಲ್ಲಿ ದಾಂಡೇಲಿ–ಹುಬ್ಬಳ್ಳಿ ಬಸ್ಸಿನಲ್ಲಿದ್ದ ಕಂಡಕ್ಟರು.

ಆಗ ನಾನು ಪತ್ರಿಕೆಯೊಂದಕ್ಕೆ ದಾಂಡೇಲಿಯಿಂದ ಸುದ್ದಿ ಕಳಿಸುತ್ತಿದ್ದೆ. ಲಕೋಟೆ ಅವರ ಕೈಯಲ್ಲೇ ಹುಬ್ಬಳ್ಳಿ ಸೇರುತ್ತಿತ್ತು. ಪ್ರತಿ ಸಲ ಅದನ್ನು ಅಂಗೈಯಲ್ಲಿ ತೂಗಿ ನೋಡಿ, “ಇವತ್ತ ಹಗುರೈತಲ್ಲರೀ, ಯಾರೂ ಸತ್ತಿಲ್ಲೇನು?” ಎಂದು ಚೀಲಕ್ಕೆ ಹಾಕುತ್ತಿದ್ದರು.

ಅವರಿಗೂ ಡ್ರೈವರಿಗೂ ಇದ್ದದ್ದು ಒಂದೇ ಚಂಚಿ. ಎಲೆ, ಸುಣ್ಣ, ತಂಬಾಕು ತುಂಬಿದ ಆ ಬಟ್ಟೆಯ ಚೀಲ ಹಳಿಯಾಳದವರೆಗೆ ಒಬ್ಬರ ಕಿಸೆಯಲ್ಲಿ, ಅಲ್ಲಿಂದ ಮುಂದೆ ಇನ್ನೊಬ್ಬರ ಕಿಸೆಯಲ್ಲಿ ಪ್ರಯಾಣ ಮಾಡುತ್ತಿತ್ತು. ಡ್ರೈವರಿಗೆ ಒಂದು ವ್ರತವಿತ್ತು: ಕಂಡಕ್ಟರ ಸೀಟಿ ಕೇಳದೆ ಗಾಡಿ ಅಲುಗಿಸುತ್ತಿರಲಿಲ್ಲ. ಒಂದು ಸೀಟಿಗೆ ನಿಲ್ಲಬೇಕು, ಎರಡಕ್ಕೆ ಹೊರಡಬೇಕು. ಬರ್ಚಿಯ ಕಾಡಿನಲ್ಲಿ ಆನೆ ಎದುರಾದಾಗಲೂ ಬಸ್ಸು ಹಿಂದೆ ತೆಗೆಯಲು ಸೀಟಿಗೆ ಕಾದು ಕೂತಿದ್ದರು. ಹಿಂದಿನ ಬಾಗಿಲಲ್ಲಿ ಕಂಡಕ್ಟರು ಊದುತ್ತಲೇ ಇದ್ದರು, ಹೆದರಿಕೆಗೆ ಬರೀ ಗಾಳಿ ಬರುತ್ತಿತ್ತು... ಕೊನೆಗೆ ಆನೆಯೇ ಬೇಸತ್ತು ಹೋಯಿತು.

ಒಂದು ಬೇಸಿಗೆಯಲ್ಲಿ ಕಂಡಕ್ಟರ ಕೆನ್ನೆಯೊಳಗಿನ ಹುಣ್ಣು ಮಾಯಲೇ ಇಲ್ಲ. ಹುಬ್ಬಳ್ಳಿಯಲ್ಲಿ ತೋರಿಸಿ ಬಂದವರು ನಮಗೆ ಹೇಳಿದರು: “ಕ್ಯಾನ್ಸರ್ ಅಂತ. ಡಾಕ್ಟರು ಸಿಂಗಲ್ ಸೀಟಿ ಊದ್ಯಾರ. ಬರೇ ನಿಂದರೂದೋ, ಇಳಿಯೂದೋ, ಇನ್ನೂ ಹೇಳಿಲ್ಲ.” ನಾವು ನಕ್ಕೆವು.

ಕೆನ್ನೆಯ ಆಪರೇಷನ್ ಮುಗಿಸಿ ಕೆಲಸಕ್ಕೆ ಮರಳಿದಾಗ ಅವರ ಮಾತು ಕಲಸಿಹೋಗಿತ್ತು. ಸೀಟಿ ಮಾತ್ರ ಬಾಯಿಯ ಬಲ ಮೂಲೆಯಿಂದ ಮೊದಲಿಗಿಂತ ಜೋರಾಗಿ ಬರುತ್ತಿತ್ತು. ಚಂಚಿಯನ್ನು ಕಾಳಿ ಹೊಳೆಗೆ ಎಸೆದರು; ಡ್ರೈವರು ಮರುದಿನವೇ ಹೊಸದು ಕೊಂಡರು. ಕಂಡಕ್ಟರಿಗೆ ಅದೇ ಚಿಂತೆ. “ಇಬ್ಬರೂ ಒಂದ ಚಂಚ್ಯಾಗಿಂದು ತಿಂದೇವಿ. ನನ್ನ ಬಾಯಾಗ ಇದ್ದದ್ದು ಅವನ ಬಾಯಾಗ ಇಲ್ಲಂತ ಹೆಂಗ ಹೇಳೂದು?” ತಪಾಸಣೆಗೆ ಕರೆದರೆ ಡ್ರೈವರು, “ನನಗೇನೂ ನೋವಿಲ್ಲ” ಎಂದು ಬಾಯಿ ಮುಚ್ಚಿಕೊಳ್ಳುತ್ತಿದ್ದರು.

ಹಳಿಯಾಳದಲ್ಲಿ ರಸ್ತೆ ಪಕ್ಕದ ಶಾಲೆಯೊಂದರಲ್ಲಿ ಬಾಯಿ ತಪಾಸಣೆಯ ಶಿಬಿರ ನಡೆದ ದಿನ ನಾನೂ ಬಸ್ಸಿನಲ್ಲಿದ್ದೆ. ಶಾಲೆಯ ಮುಂದೆ ಒಂದು ಸೀಟಿ ಬಿತ್ತು. ಬಸ್ಸು ನಿಂತಿತು. ಯಾರೂ ಇಳಿಯಲಿಲ್ಲ. ಕಂಡಕ್ಟರು ಸೀಟಿಯನ್ನು ಅಂಗಿಗೆ ಒರೆಸಿ, ಕಿಸೆಗೆ ಹಾಕಿಕೊಂಡು ಡ್ರೈವರ ಹತ್ತಿರ ಹೋದರು.

“ಇಳಿ. ಬಾಯಿ ತೋರಿಸಿ ಬಾ.”

“ತಲಿ ಕೆಟ್ಟೈತೇನು ನಿಂದು? ರೈಟ್ ಊದು” ಎಂದರು ಡ್ರೈವರು.

“ಊದೂದಿಲ್ಲ.”

ಎಂಜಿನ್ ಗುರುಗುಡುತ್ತಿತ್ತು. ಡ್ರೈವರ ಕೈ ಗೇರಿನ ಮೇಲಿತ್ತು, ಆದರೆ ವ್ರತ ಮುರಿಯಲಿಲ್ಲ. ಮುಂದಿನ ಸೀಟಿನಲ್ಲಿ ಮಗಳ ಬಾಣಂತನಕ್ಕೆ ಹೊರಟ ಅಜ್ಜಿಯೊಬ್ಬಳಿದ್ದಳು. “ಏ ಡ್ರೈವರಣ್ಣಾ, ಅಲ್ಲಿ ನನ್ನ ಮಗಳು ಹಡ್ಯಾಕ ಕುಂತಾಳ. ನೀ ಬಾಯಿ ಒಂದ ತೆಗ್ಯಾಕ ಇಷ್ಟ್ಯಾಕ ತಿಣಕ್ತೀಯೋ?”

ಬಸ್ಸೆಲ್ಲ ನಕ್ಕಿತು. ಡ್ರೈವರು ರೇಗಿದರು. “ತಂಬಾಕ ತಿನ್ನಾಂವ ನಾ ಒಬ್ಬನ ಏನು? ತಿನ್ನಾವರು ಎಲ್ಲಾರೂ ಇಳೀರಿ, ನಾನೂ ಇಳೀತೇನಿ!”

ಅಜ್ಜಿ ಕಿಟಕಿಯಿಂದ ಹೊರಗೆ ಉಗುಳಿ, ಸೆರಗಿನಿಂದ ಬಾಯಿ ಒರೆಸಿಕೊಂಡು ಎದ್ದಳು. “ನಡಿ ಹಂಗಾರ. ನಾ ಮೊದಲ.” ಆಮೇಲೆ ಗಂಡಸರು ಕೂತಿರುವುದು ಹೇಗೆ?

ಬೆಳಗಿನಿಂದ ಖಾಲಿ ಕುರ್ಚಿಗಳನ್ನೇ ನೋಡುತ್ತಿದ್ದ ಡಾಕ್ಟರು, ಒಮ್ಮೆಲೇ ನುಗ್ಗಿದ ಜನರನ್ನು ಕಂಡು ಗಾಬರಿಯಿಂದ ಎದ್ದು ಕೇಳಿದರು: “ಬಸ್ ಎಲ್ಲಿ ಪಲ್ಟಿ ಆತ್ರಿ?”

ಅಜ್ಜಿಯ ಬಾಯಿ ಸಾಫಿತ್ತು. ಡ್ರೈವರ ನಾಲಿಗೆಯಡಿ ಜೋಳದ ಕಾಳಿನಷ್ಟು ಬಿಳಿ ಮಚ್ಚೆ ಇತ್ತು. ನೋವಿರಲಿಲ್ಲ, ನಿಜ. ಮೊದಲೇ ಸಿಕ್ಕಿದ್ದರಿಂದ ಹುಬ್ಬಳ್ಳಿಯಲ್ಲಿ ಸಣ್ಣ ಆಪರೇಷನ್ನಿನಲ್ಲೇ ಮುಗಿಯಿತು. ಬಸ್ಸು ತಡವಾದದ್ದಕ್ಕೆ ಡಿಪೋದವರು ಕಾರಣ ಕೇಳಿದಾಗ ಕಂಡಕ್ಟರು ಬರೆದುಕೊಟ್ಟರು: ‘ಗಾಡಿ ಸುಸ್ಥಿತಿಯಲ್ಲಿತ್ತು. ಡ್ರೈವರ್ ರಿಪೇರಿಗೆ ಬಂದಿದ್ದರು.’

ಶಿಬಿರದ ಸುದ್ದಿಯನ್ನು ನಾಲ್ಕು ಸಾಲಿನಲ್ಲಿ ಬರೆದು ಕೊಟ್ಟೆ. ಅವರು ಲಕೋಟೆಯನ್ನು ತೂಗಿ ನೋಡಿದರು. “ಯಾರೂ ಸತ್ತಿಲ್ಲ. ಆದ್ರೂ ವಜನ ಐತಿ.”

ಮರುವರ್ಷ ಅವರ ಕ್ಯಾನ್ಸರ್ ಕುತ್ತಿಗೆಗೆ ಇಳಿದು ಮರಳಿತು... ಅವರು ತೀರಿಕೊಂಡ ಸುದ್ದಿಯ ಲಕೋಟೆಯನ್ನು ಬೇರೊಬ್ಬ ಕಂಡಕ್ಟರ ಕೈಗೆ ಕೊಟ್ಟೆ. ಆತ ತೂಗಿ ನೋಡಲಿಲ್ಲ.

ಬೆಂಚಿನವನಿಗೆ ಇದನ್ನೆಲ್ಲ ಹೇಳಿ, ಒಮ್ಮೆ ಬಾಯಿ ತೋರಿಸಿಕೋ ಎಂದೆ. ನೋವಿಲ್ಲ ಎಂದ. ನೋವು ಬರುವ ಮೊದಲೇ ಹೋಗಬೇಕಾದದ್ದು ಎಂದೆ. ಅಷ್ಟರಲ್ಲಿ ಅವನ ಬಸ್ಸು ಬಂತು, ಹತ್ತಿ ಹೋದ.

ನಾನು ನನ್ನ ಬಸ್ಸು ಹತ್ತಿ, ಹಳಿಯಾಳದಲ್ಲಿ ಇಳಿದು ಆ ಡ್ರೈವರ ಮನೆಗೆ ಹೋದೆ. ಮೊಮ್ಮಕ್ಕಳ ನಡುವೆ ಗಟ್ಟಿಮುಟ್ಟಾಗಿದ್ದಾರೆ. ಗೋಡೆಯ ಮೊಳೆಯಲ್ಲಿ ಕಂಡಕ್ಟರ ಆ ಸೀಟಿ ತೂಗುತ್ತಿತ್ತು. ಎಂದಾದರೂ ಊದುತ್ತೀರಾ ಎಂದು ಕೇಳಿದೆ.

“ಛೇ, ಛೇ. ಅದು ಅವನ ಕೆಲಸರೀ” ಎಂದರು. “ನನ್ನ ಕೆಲಸ ಕೇಳೂದು.”