ದನ ತಿನ್ನದ ಗಿಡಗಳ ಪಟ್ಟಿ

ಹೋದ ತಿಂಗಳು ಒಂದು ಬೆಳಿಗ್ಗೆ ಜಗಲಿಯ ಮೇಲಿದ್ದ ಸಸಿಗಳಿಗೆ ನೀರು ಹಾಕುವಾಗ ಹಳದಿ ಕಣಗಿಲೆಯ ಎಲೆಯೊಂದು ಮುರಿದು ಬೆರಳಿಗೆ ಹಾಲು ಅಂಟಿತು. ಒರೆಸಿಕೊಂಡೆ, ಹೋಗಲಿಲ್ಲ. ಸೋಪು ಹಚ್ಚಿ ತೊಳೆದೆ. ಆಮೇಲೆ ಇನ್ನೂ ಎರಡು ಸಲ ತೊಳೆದೆ. ನಾನು ಅಷ್ಟೇನೂ ಶುಚಿಯ ಮನುಷ್ಯನಲ್ಲ. ನಮ್ಮ ಮನೆಯಲ್ಲಿ ಯಾರನ್ನು ಬೇಕಾದರೂ ಕೇಳಿ. ಮೂರನೆಯ ಸಲ ಯಾಕೆ ತೊಳೆದೆ ಎಂದು ಯೋಚಿಸುತ್ತ ನಿಂತಾಗ ಹರಿಹರದ ಹಿತ್ತಲು ನೆನಪಾಯಿತು.

ಹಿತ್ತಲಿಗೆ ಹೋಗುವ ಮೊದಲು ಸಸಿಗಳ ವಿಷಯ ಹೇಳಿಬಿಡುತ್ತೇನೆ. ಅವು ನಮ್ಮ ಮನೆಗೆ ಬರಲು ಕಾರಣ ನನ್ನ ಎಂ.ಎ. ದಾವಣಗೆರೆಯ ದೇವರಾಜ ಅರಸು ಬಡಾವಣೆಯ ನಮ್ಮ ರಸ್ತೆಯ ಕೊನೆಗೆ ಸಣ್ಣ ಪಾರ್ಕೊಂದಿದೆ: ಎರಡು ಜೋಕಾಲಿ, ಒಂದು ಜಾರುಬಂಡಿ. ಪಕ್ಕದ ಖಾಲಿ ಜಾಗದಲ್ಲಿ ಮಕ್ಕಳಿಗೊಂದು ತೋಟ ಮಾಡುವುದೆಂದು ಪಾರ್ಕ್ ಸಮಿತಿ ತೀರ್ಮಾನಿಸಿತು. ಗಿಡ ಆರಿಸುವ ಕೆಲಸ, ಓದಿದವರು ಎಂಬ ಕಾರಣಕ್ಕೆ, ನನ್ನ ಪಾಲಿಗೆ ಬಂತು. ನಾನು ಓದಿದ್ದು ಇತಿಹಾಸ. ಅದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಿಜವಾಗಿ ಆರಿಸಿದವರು ಸಮಿತಿಯ ಅಧ್ಯಕ್ಷರಾದ ಕೊಟ್ರಪ್ಪನವರು. ಶಾಮನೂರಿನ ಬೇಸಾಯದ ಮನೆತನ. ಕರೂರಿನ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದರೂ ಗಿಡದ ವಿಷಯದಲ್ಲಿ ರೈತರಾಗಿಯೇ ಉಳಿದವರು. ಪಾರ್ಕಿನ ಗೇಟು ಮುರಿದು ಬಹಳ ಕಾಲವಾಗಿತ್ತು. ಹಿಂದಿನ ಸಲ ನೆಟ್ಟದ್ದನ್ನೆಲ್ಲ ದನಗಳೂ ಮೇಕೆಗಳೂ ಹಂಚಿಕೊಂಡು ತಿಂದಿದ್ದವು.

"ಸಾರ್, ನಮಗ ಬೇಕಾಗಿರೋದು ಒಂದೇ," ಎಂದರು ಕೊಟ್ರಪ್ಪನವರು. "ದನ ಬಾಯಿ ಹಾಕಬಾರ್ದು. ಮೇಕೆ ಬಂದ್ರೂ ಮೂಸಿ ನೋಡಿ ಹಂಗೇ ಮುಂದಕ್ಕ ಹೋಗ್ಬೇಕು. ಬರ್ಕೊಳ್ರಿ."

ಬರೆದುಕೊಂಡೆ. ಹಳದಿ ಕಣಗಿಲೆ, ಕೆಂಪು ಕಣಗಿಲೆ, ಬಿಳಿ ಎಕ್ಕ, ಬೇಲಿಗುಂಟ ಹರಳು. ಪೂಜೆಗಾಗುತ್ತದೆ ಎಂದು ಯಾರೋ ದತ್ತೂರಿಯನ್ನೂ ಸೇರಿಸಿದರು. ನನ್ನ ಅಕ್ಷರ ದುಂಡಗಿದೆ. ಪಟ್ಟಿ ಎಲ್ಲರಿಗೂ ಹಿಡಿಸಿತು. ನರ್ಸರಿಯಿಂದ ತಂದ ಸಸಿಗಳು ನೆಡುವ ದಿನದವರೆಗೆ ನಮ್ಮ ಜಗಲಿ ಸೇರಿದವು. ದನ ಇವನ್ನು ಯಾಕೆ ತಿನ್ನುವುದಿಲ್ಲ ಎಂದು ಯಾರೂ ಕೇಳಲಿಲ್ಲ. ವಿಷವಾದ್ದರಿಂದ ತಿನ್ನುವುದಿಲ್ಲ. ಇದು ಊರಿಗೆಲ್ಲ ಗೊತ್ತು, ನನಗೂ ಗೊತ್ತು. ಆದರೆ ಗೊತ್ತಿರುವುದು ಹೊಳೆಯಲು ಬೆರಳಿಗೆ ಹಾಲು ಅಂಟಬೇಕಾಯಿತು.

ಹರಿಹರದಲ್ಲಿ ನಮ್ಮ ದೊಡ್ಡಮ್ಮನ ಮನೆಯಿತ್ತು. ಬೇಸಿಗೆ ರಜೆಗೆ ನಾನು, ನನ್ನ ತಂಗಿ ಗಿರಿಜ ಅಲ್ಲಿಗೆ ಹೋಗುತ್ತಿದ್ದೆವು. ಹಿತ್ತಲಲ್ಲಿ ಹಳದಿ ಕಣಗಿಲೆಯ ಮರ. ಅದರ ಹಸಿರು ಕಾಯಿ ನೋಡಲು ಪುಟ್ಟ ಕಡುಬಿನ ಹಾಗೇ ಇರುತ್ತದೆ. ನನಗೆ ಎಂಟು ವರ್ಷ, ಗಿರಿಜೆಗೆ ಐದು. ಒಂದು ಮಧ್ಯಾಹ್ನ ಅವಳು ಆ ಕಾಯಿ ತಿಂದಳು. ವಾಂತಿ ಶುರುವಾಯಿತು. ದೊಡ್ಡಪ್ಪ ಎತ್ತಿಕೊಂಡು ದಾವಣಗೆರೆಯ ಆಸ್ಪತ್ರೆಗೆ ಓಡಿದರು. ಮೂರು ದಿನ ಏನೂ ಹೇಳುವ ಹಾಗಿರಲಿಲ್ಲ. ಬದುಕಿದಳು. ಬದುಕಿದ್ದರಿಂದ ಅದು ತಮಾಷೆಯ ಕಥೆಯಾಯಿತು. ಗಿರಿಜೆಯ ಹೊಟ್ಟೆಬಾಕತನ ಎಂದು ನಲವತ್ತು ವರ್ಷ ಅದನ್ನು ಹೇಳಿ ಜನರನ್ನು ನಗಿಸಿದ್ದೇನೆ. ಅವಳ ಮದುವೆಯಲ್ಲಿ ಬೀಗರಿಗೂ ಹೇಳಿದ್ದೆ.

ತಿಂದವಳು ಅವಳಾದರೆ ನನ್ನ ಕೈ ಯಾಕೆ ಮೂರು ಸಲ ತೊಳೆಸಿಕೊಂಡಿತು? ಹಳೆಯ ಡೈರಿ ತೆಗೆದು ನೋಡಿದೆ. ಡೈರಿ ಬರೆಯಲು ತೊಡಗಿದ್ದು ಕಾಲೇಜಿನಲ್ಲಿ. ಅಷ್ಟರಲ್ಲಿ ಕಥೆ ತಮಾಷೆಯಾಗಿ ಹೋಗಿತ್ತು. ಅದೇ ದುಂಡಗಿನ ಅಕ್ಷರ. ಸಾಕ್ಷಿಗೆ ಉಪಯೋಗವಿಲ್ಲ. ಹರಿಹರದ ಬಸ್ಸು ಹತ್ತಿದೆ. ಗಿರಿಜ ಈಗ ಇರುವುದು ಅದೇ ಊರಿನಲ್ಲಿ.

ಅವಳು ಮೆಂತ್ಯೆ ಸೊಪ್ಪು ಬಿಡಿಸುತ್ತ ಕೂತಿದ್ದಳು. ಆ ಕಾಯಿಯನ್ನು ನೀನೇ ಕಿತ್ತು ತಿಂದೆಯಾ ಎಂದು ಕೇಳಿದೆ.

"ಬೀಗರ ಊಟದ ಆಟ ಆಡ್ತಿದ್ವಿ ಅಣ್ಣ," ಎಂದಳು, ಸೊಪ್ಪಿನಿಂದ ತಲೆಯೆತ್ತದೆ. "ನಾ ಬೀಗತಿ, ನೀ ಬಡಿಸೋನು. ಕಡುಬು ಅಂತ ಹಾಕ್ದಿ. ಒಂಚೂರು ಕಚ್ಚಿ, ಕಹಿ ಐತೆ ಬ್ಯಾಡ ಅಂದೆ. ಬೀಗರು ಎಲೆ ಮ್ಯಾಲೆ ಬಿಡಬಾರ್ದು ಅಂತ ಉಳಿದಿದ್ದನ್ನ ನೀನೇ ನನ್ ಬಾಯಿಗಿಟ್ಟಿ."

"ಮತ್ತೆ ಇಷ್ಟು ವರ್ಷ ಯಾಕ ಹೇಳ್ಲಿಲ್ಲ?"

"ಎಲ್ರೂ ನಗೋರು. ನಡುವೆ ಬಾಯಿ ಹಾಕಿ ನಿನ್ ಮರ್ಯಾದಿ ಯಾಕ ಕಳೀಲಿ ಅಂತ ಸುಮ್ನಾದೆ. ಚಾ ಮಾಡ್ಲಾ?"

ಅವಳ ನೆನಪೂ ತಪ್ಪಿರಬಹುದು ಎಂದು ವಾಪಸ್ ಬರುವ ಬಸ್ಸಿನಲ್ಲಿ ವಾದ ಹೂಡಿ ನೋಡಿದೆ. ವಾದ ಬಿದ್ದುಹೋಯಿತು. ಇವತ್ತಿಗೂ ಮದುವೆ ಮನೆಯಲ್ಲಿ ಎರಡನೆಯ ಸಲ ಬಡಿಸಲು ಬಂದರೆ ಗಿರಿಜ ಎಲೆಯ ಮೇಲೆ ಎರಡೂ ಕೈ ಅಡ್ಡ ಇಡುತ್ತಾಳೆ. ನಾನದನ್ನು ಡಯಟ್ ಎಂದುಕೊಂಡಿದ್ದೆ.

ಮರುದಿನ ಪಾರ್ಕಿನಲ್ಲಿ ಸಮಿತಿಯವರ ಮುಂದೆ, ಈ ಪಟ್ಟಿ ಬೇಡ ಎಂದೆ. ಕೊಟ್ರಪ್ಪನವರಿಗೆ ಆಶ್ಚರ್ಯವಾಯಿತು.

"ಮಕ್ಕಳು ಅದನ್ಯಾಕ ತಿಂತಾವ್ರಿ ಸಾರ್? ದನಕ್ಕಿರೋ ಬುದ್ಧಿ ಮಕ್ಕಳಿಗಿಲ್ವಾ?"

"ದನಕ್ಕೆ ಯಾರೂ ಉಪಚಾರ ಮಾಡಿ ಬಡಿಸೋದಿಲ್ರಿ," ಎಂದೆ.

ಹರಿಹರದ ಕಥೆಯನ್ನು ಬಡಿಸಿದವನ ಸಮೇತ ಹೇಳಿದ್ದು ಅದೇ ಮೊದಲು. ಯಾರೂ ನಗಲಿಲ್ಲ. ಕೊಟ್ರಪ್ಪನವರು ಹೋಗಿ ಮುರಿದ ಗೇಟನ್ನು ಅಲ್ಲಾಡಿಸಿ ನೋಡಿದರು. "ಹಂಗಾರೆ ಮೊದ್ಲು ಗೇಟ್ ಮಾಡಿಸ್ಬೇಕಾತು," ಎಂದರು. ಗೇಟು ಮಾಡಿಸುವುದನ್ನು ತಪ್ಪಿಸಲೆಂದೇ ಅಷ್ಟೆಲ್ಲ ವಿಷದ ಗಿಡಗಳನ್ನು ಹುಡುಕಿದ್ದು ಎಂದು ನನಗೆ ಆಗ ಅರ್ಥವಾಯಿತು.

ಕಣಗಿಲೆ, ಎಕ್ಕ ಎಲ್ಲ ನರ್ಸರಿಗೆ ಹಿಂತಿರುಗಿದವು. ಈಗ ತೋಟದಲ್ಲಿ ಪೇರಲ, ಕರಿಬೇವು, ದಾಸವಾಳ, ದೊಡ್ಡಪತ್ರೆ ಇವೆ. ಮೇಕೆಗಳು ಹೊಸ ಗೇಟಿನ ಹೊರಗೆ ನಿಂತು ನೋಡುತ್ತವೆ. ಅವುಗಳ ದೃಷ್ಟಿಯಲ್ಲಿ ಇದು ಒಳ್ಳೆಯ ಪಟ್ಟಿ.

ಇವತ್ತು ತೋಟ ನೋಡಲು ಗಿರಿಜ ಬಂದಿದ್ದಳು. ಜೋಕಾಲಿಯ ಪಕ್ಕದ ದೊಡ್ಡಪತ್ರೆಯಿಂದ ಎರಡು ಎಲೆ ಕಿತ್ತು, ಒಂದನ್ನು ಅವಳ ಮುಂದೆ ಹಿಡಿದೆ. ಅವಳು ಕೈ ಚಾಚಲಿಲ್ಲ.

"ಮೊದ್ಲು ನೀ ತಿನ್ನು," ಎಂದಳು.

ತಿಂದೆ. ನಾನು ಪೂರ್ತಿ ನುಂಗುವ ತನಕ ನೋಡುತ್ತ ನಿಂತಳು. ಆಮೇಲೆ ಬಗ್ಗಿ ಗಿಡದಿಂದ ತಾನೇ ಒಂದು ಎಲೆ ಕಿತ್ತುಕೊಂಡಳು. ನನ್ನ ಕೈಯಲ್ಲಿ ಉಳಿದಿದ್ದ ಇನ್ನೊಂದನ್ನೂ ನಾನೇ ತಿಂದೆ.