ಹದಿನಾಲ್ಕನೇ ನಂಬರಿನ ಡಬ್ಬ

ಲಾರಿ ಗೇಟು ದಾಟಿ ಒಂದು ಗಂಟೆಯಾಗಿತ್ತು. ಆಗ ಶುರುವಾಯಿತು ಬೆಕ್ಕಿನ ಓಡಾಟ. ಖಾಲಿ ಅಡುಗೆಮನೆ, ಖಾಲಿ ಸ್ಟೋರ್ ರೂಮು, ಮತ್ತೆ ಅಡುಗೆಮನೆ. ಕೂಗು ಬೇರೆ.

ನಮ್ಮವರಿಗೆ ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ವರ್ಗ. ನಮಗಿದು ಎಂಟನೇ ಮನೆ. ನನ್ನದೊಂದು ಪದ್ಧತಿಯಿದೆ: ಪ್ರತಿ ರಟ್ಟಿನ ಡಬ್ಬಕ್ಕೂ ನಂಬರು, ಒಳಗೇನಿದೆ ಎಂದು ನೋಟ್‌ಬುಕ್ಕಿನಲ್ಲಿ ಪಟ್ಟಿ. (ನಮ್ಮವರು ನಗುತ್ತಾರೆ. ಸ್ಕ್ರೂಡ್ರೈವರ್ ಬೇಕಾದಾಗ ಮಾತ್ರ ನೋಟ್‌ಬುಕ್ ಕೇಳುತ್ತಾರೆ.) ಬೆಕ್ಕು ಪಟ್ಟಿಯಲ್ಲಿರಲಿಲ್ಲ. ಅದನ್ನೂ ಅದರ ಮೂರು ಮರಿಗಳನ್ನೂ ಪಕ್ಕದ ಮನೆಯ ಸುಜಾತಾಗೆ ಒಪ್ಪಿಸುವುದೆಂದು ಮಾತಾಗಿತ್ತು. ಧಾರವಾಡದ ಹುಡುಗಿ, ತೆಲುಗರ ಮನೆ ಸೊಸೆ.

"ಅಕ್ಕಾ, ಮರಿಗೋಳು ಎಲ್ಲಿ ಅದಾವ್ರೀ?"

"ಬೆಳಿಗ್ಗೆ ಸ್ಟೋರ್ ರೂಮಲ್ಲೇ ಇದ್ವಲ್ಲ."

"ಬೆಕ್ಕು ಮರೀನ ಏಳು ಮನಿ ತಿರಗಸ್ತದ್ರೀ. ಬಾಯಿ ತೆರದ ಡಬ್ಬಿ ಯಾವುದರೆ ಇತ್ತೇನು?"

ನೋಟ್‌ಬುಕ್ ತೆರೆದೆ. ಹದಿನಾಲ್ಕು. ಕಂಬಳಿ, ರಜಾಯಿ. ಊಟಕ್ಕೆ ಹೋಗುವಾಗ ತೆರೆದಿಟ್ಟಿದ್ದೆ; ಬಂದವಳೇ ಮೇಲೊಂದು ಬೆಡ್‌ಶೀಟ್ ತುರುಕಿ ಟೇಪು ಅಂಟಿಸಿದ್ದೆ. ನೋಡಲೇ ಇಲ್ಲ. ಹೊರಗೆ ಮೇ ತಿಂಗಳ ಬಿಸಿಲು.

ಡ್ರೈವರ್ ಮೊಬೈಲಿಗೆ ಸಿಕ್ಕ. ಅನಕಾಪಲ್ಲಿಯಲ್ಲಿ ಟೀ ಕುಡಿಯುತ್ತಿದ್ದ. "ಅದು ತಳದಲ್ಲಿದೆ ಅಮ್ಮಾ. ಮೇಲೆ ನಿಮ್ಮ ಗ್ರೈಂಡರ್ ಕೂತಿದೆ," ಎಂದ ತೆಲುಗಿನಲ್ಲಿ.

ಗ್ರೈಂಡರ್ ಇಳಿಸಪ್ಪಾ ಎಂದೆ. ಬೆಕ್ಕನ್ನು ಬುಟ್ಟಿಗೆ ಹಾಕಿ ನಾನೂ ನಮ್ಮವರೂ ಆಟೋ ಹತ್ತಿದೆವು. ದಾರಿಯುದ್ದಕ್ಕೂ ಬೆಕ್ಕು ಬುಟ್ಟಿ ಪರಚುತ್ತಲೇ ಇತ್ತು.

ಬೆಲ್ಲದ ಗೋದಾಮಿನ ಎದುರು ಡಬ್ಬ ನೆಲದ ಮೇಲಿತ್ತು, ಅರ್ಧ ಕುಸಿದು. ಮೂರೂ ಮರಿಗಳು ಬಾಯಿ ತೆರೆದು ಏದುಸಿರು ಬಿಡುತ್ತಿದ್ದವು. ಗ್ರೈಂಡರಿನ ಭಾರದಿಂದ ರಜಾಯಿ ಕಾಪಾಡಿತ್ತು. ತಾಯಿ ಮೂಸಿತು, ನೆಕ್ಕಿತು. ಆಮೇಲೆ ಒಂದರ ಕತ್ತು ಕಚ್ಚಿ ಎತ್ತಿಕೊಂಡು ಸೀದಾ ಗೋದಾಮಿನ ಕಡೆ ಹೊರಟಿತು.

"ಇದಕ್ಕೂ ಟ್ರಾನ್ಸ್‌ಫರ್ ಆರ್ಡರ್ ಬಂದಿರಬೇಕು," ಎಂದರು ನಮ್ಮವರು.

ಇನ್ನು ಅದನ್ನು ಬಿಟ್ಟು ಬರುವ ಮಾತೆಲ್ಲಿ? ಟಿಕೆಟ್ ಮಾಡಿಸಿದ್ದ ರೈಲು ಬಿಟ್ಟು, ಬುಟ್ಟಿ ಹಿಡಿದು ಲಾರಿಯ ಕ್ಯಾಬಿನ್ನಿನಲ್ಲೇ ವಿಜಯವಾಡ ಸೇರಿದೆವು. ಬೆಂಜ್ ಸರ್ಕಲ್ ಹತ್ತಿರದ ಈ ಮನೆಯಲ್ಲಿ ನಾಲ್ಕು ದಿನಕ್ಕೆ ಬೆಕ್ಕು ಮರಿಗಳಿಗೆ ಮೂರು ಜಾಗ ಬದಲಿಸಿದೆ: ಫ್ರಿಜ್ಜಿನ ಹಿಂದೆ, ಮಂಚದಡಿ, ಈಗ ಬಾತ್‌ರೂಮಿನ ಅಟ್ಟ. ಇದಕ್ಕೆ ಕಲಿಸಿದವರು ಯಾರು? ಕಣ್ಣು ಬಿಡುವ ಮೊದಲೇ ನಮ್ಮ ಗೇಟಿನ ಬಳಿ ಸಿಕ್ಕಿದ ಬೆಕ್ಕಿದು; ತಾಯಿಯನ್ನೇ ನೋಡಿಲ್ಲ. ಹುಟ್ಟುಗುಣ, ಅಷ್ಟೇ.

ನಿನ್ನೆ ನಮ್ಮವರು, "ಖಾಲಿ ಡಬ್ಬ ಎಲ್ಲಾ ಹಳೇ ಪೇಪರಿನವನಿಗೆ ಹಾಕಿಬಿಡು," ಎಂದರು. ನಾನು ಹಾಕಲಿಲ್ಲ. ಒಳಗೆ ಮರಿಗಳಿಲ್ಲವೆಂದು ಎರಡೆರಡು ಸಲ ನೋಡಿ, ಮಡಚಿ, ನಂಬರಿನ ಪ್ರಕಾರ ಮಂಚದಡಿ ಇಟ್ಟೆ.

ಬೆಕ್ಕಿನದು ಹುಟ್ಟುಗುಣ. ನನ್ನದು?