ರೈಲಿನ ಅಮರಮ್ಮ

ಬಳಗಾನೂರಿನಲ್ಲಿ ಅಮರಮ್ಮ ಎಂಬ ಹೆಸರಿನವರು ಹಲವರಿದ್ದಾರೆ. ಅವರಲ್ಲಿ ಒಬ್ಬಳನ್ನು ಊರು ರೈಲಿನ ಅಮರಮ್ಮ ಎನ್ನುತ್ತದೆ. ಅರವತ್ತರ ಆಸುಪಾಸಿನವಳು, ಸರಿಯಾದ ವಯಸ್ಸು ಅವಳಿಗೂ ಗೊತ್ತಿಲ್ಲ.

ಬಹಳ ವರ್ಷಗಳ ಹಿಂದೆ ಅದೇ ಊರಿನ ಆದಮ್ಮನೆಂಬ ಕೂಲಿ ಹೆಂಗಸು ಆದೋನಿ ಕಡೆ ಶೇಂಗಾ ಕೀಳಲು ಹೋಗಿ ಪ್ಯಾಸೆಂಜರ್ ಗಾಡಿಯಲ್ಲಿ ಮರಳುತ್ತಿದ್ದಳು. ರಾಯಚೂರಿನಲ್ಲಿ ಎಲ್ಲರೂ ಇಳಿದರೂ ಎದುರಿನ ಹಲಗೆಯ ಮೇಲೆ ಒಂದು ಹೆಣ್ಣುಮಗು ಮಲಗಿಯೇ ಇತ್ತು. ಹೊತ್ತು ಮುಳುಗುವ ತನಕ ಕಾದರೂ ಯಾರೂ ಬರಲಿಲ್ಲವಂತೆ. ಸ್ಟೇಷನ್ನಿನವರಿಗೆ ತನ್ನ ಊರಿನ ಹೆಸರು ಹೇಳಿದಳಂತೆ. ಮಕ್ಕಳಿಲ್ಲದ ಆದಮ್ಮ ಮಗುವನ್ನು ಎತ್ತಿಕೊಂಡು ಬಂದು ಅಮರಮ್ಮ ಎಂದು ಹೆಸರಿಟ್ಟಳು.

ಮೊದಮೊದಲು ಮಗು ಏನೇನೋ ಮಾತಾಡುತ್ತಿತ್ತು. ಅದು ತೆಲುಗೂ ಅಲ್ಲ, ಉರ್ದೂ ಅಲ್ಲ. ಮಳೆಗಾಲ ಬರುವುದರೊಳಗೆ ಆ ಮಾತೆಲ್ಲ ಮರೆತುಹೋಯಿತು.

ಆದಮ್ಮ ಇದನ್ನು ಯಾರಿಂದಲೂ ಮುಚ್ಚಿಡಲಿಲ್ಲ. ಮದುವೆಗೆಂದು ಅಮರಮ್ಮನನ್ನು ನೋಡಲು ಬಂದವರು "ಯಾರ ಪೈಕಿ?" ಎಂದು ಕೇಳಿ ಎದ್ದು ಹೋದರು. ಅವಳು ಭತ್ತದ ನಾಟಿ ಮಾಡುತ್ತ, ಕಳೆ ಕೀಳುತ್ತ ಆದಮ್ಮನ ಜೊತೆಯೇ ಉಳಿದಳು. ಆದಮ್ಮ ತೀರಿಕೊಂಡ ಮೇಲೆ ಒಬ್ಬಳೇ ಆದಳು. ಹೆತ್ತವಳು ಬೇಕೆಂದೇ ಬಿಟ್ಟು ಹೋದಳೆಂಬುದು ಅವಳ ಗಟ್ಟಿ ನಂಬಿಕೆ. ಬೈಯಲಿಕ್ಕಾದರೂ ಒಬ್ಬಳಿದ್ದಳು.

ಹತ್ತಿರದ ಸಿಂಧನೂರಿಗೆ ರೈಲು ಬಂದ ಮೇಲೆ, ಪಕ್ಕದ ಮನೆಯಲ್ಲಿ ಬಟ್ಟೆ ಹೊಲಿಯುವ ಅರ್ಜುಮಂದ್ ಹುಬ್ಬಳ್ಳಿಯ ತಂಗಿಯ ಮನೆಗೆ ಹೊರಟಳು.

"ಅಲ್ಲಿ ಹಳೇ ರೈಲು ಇಟ್ಟಾರಂತ, ಬಾ ಅಕ್ಕಾ. ನೀ ಬಂದ ಗಾಡಿ ಎಂಥಾದಿತ್ತು ನೋಡುವಂತಿ."

ಹುಬ್ಬಳ್ಳಿಯ ರೈಲು ಮ್ಯೂಸಿಯಂನಲ್ಲಿ ಕರಿ ಎಂಜಿನ್ನುಗಳ ಮುಂದೆ ಜನ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಅಮರಮ್ಮ ಮರದ ಹಲಗೆಗಳಿದ್ದ ಹಳೆಯ ಡಬ್ಬಿಯೊಂದನ್ನು ಹತ್ತಿ ಕೂತಳು. ಏನಾದರೂ ನೆನಪಾದೀತೆಂದು ಹಲಗೆ ಸವರಿದಳು, ಕಣ್ಣು ಮುಚ್ಚಿದಳು. ಹೊಸ ಬಣ್ಣದ ವಾಸನೆ ಬಂತು, ಅಷ್ಟೇ.

ಬಾಗಿಲಲ್ಲಿದ್ದ ಕಾವಲಿನವನು ತಾನಾಗಿಯೇ ಮಾತಿಗಿಳಿದ. "ಆವಾಗ ಡಬ್ಬಿಯೊಳಗ ನೀರು ಇರ್ತಿದ್ದಿಲ್ರಿ ಯವ್ವಾ. ಸ್ಟೇಷನ್ ಬಂತಂದ್ರ ಮಂದಿ ತಂಬಿಗಿ ಹಿಡಕೊಂಡು ಇಳೀತಿದ್ರು. ಅಷ್ಟರಾಗ ಗಾಡಿ ಬಿಟ್ಟುಬಿಡ್ತಿತ್ತು."

"ಹಂಗ ಉಳದೋರು ಏನ್ ಮಾಡ್ತಿದ್ರು?"

"ಏನ್ ಮಾಡ್ತಾರ? ಹಿಂದ ಬರೋ ಗಾಡಿ ಹಿಡದು ಬರ್ತಿದ್ರು. ಒಮ್ಮೊಮ್ಮೆ ಅದು ಮರುದಿನಾನ ಇರ್ತಿತ್ತು."

ಅರ್ಜುಮಂದ್ ಬಂದು ಭುಜ ಮುಟ್ಟಿದಾಗ ಅಮರಮ್ಮ ಕೇಳಿದಳು: "ನನ್ನ ಹಡೆದಾಕಿ ನೀರಿಗಂತ ಇಳದು ಉಳದು, ಮರುದಿನ ಬಂದಿದ್ರ? ನಾವು ಊರಿಗಿ ಬಂದುಬಿಟ್ಟಿದ್ವಿ."

ಅರ್ಜುಮಂದ್‌ಗೆ ತಕ್ಷಣ ತಿಳಿಯಿತು. "ಸ್ಟೇಷನ್‌ನ್ಯಾಗ ಊರ ಹೆಸರು ಹೇಳಿದ್ಲಲ್ಲಕ್ಕಾ ನಿಮ್ಮವ್ವ."

"ಹೇಳೀನಂತ ಆಕಿ ಅಂತಿದ್ಲು."

ನಿಜವಾಗಿ ಹೇಳಿದ್ದಳೇ, ಇಲ್ಲವೇ ಎಂದು ಕೇಳಲು ಆದಮ್ಮ ಇರಲಿಲ್ಲ. ಮರಳುವ ದಾರಿಯುದ್ದಕ್ಕೂ ಅಮರಮ್ಮ ಕಿಟಕಿಗೆ ತಲೆಯಿಟ್ಟು ಕೂತಳು. ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಯಾರಿಗೂ ಗೊತ್ತಿಲ್ಲದ ಮಾತಿನಲ್ಲಿ ತನ್ನನ್ನು ಕೂಗುತ್ತ ಪ್ಲಾಟ್‌ಫಾರಂ ತುಂಬ ಓಡಾಡಿದ ಹೆಂಗಸೊಬ್ಬಳು ಕಣ್ಣ ಮುಂದಿದ್ದಳು. ಆ ಹೆಂಗಸು ಯಾವ ಹೆಸರು ಹಿಡಿದು ಕೂಗಿದ್ದಳೆಂಬುದೂ ಅಮರಮ್ಮನಿಗೆ ಗೊತ್ತಿರಲಿಲ್ಲ.

ನಾಟಿ ಮುಗಿದ ಮೇಲೆ ಅವಳು ಯಾರಿಗೂ ಹೇಳದೆ ಬಸ್ಸು ಹತ್ತಿ ರಾಯಚೂರಿಗೆ ಹೋದಳು. ಗುಂತಕಲ್ ಕಡೆಯಿಂದ ಆದೋನಿ ಮೇಲೆ ಬರುವ ಗಾಡಿ ಬಂದು ನಿಂತಿತು. ಕೊನೆಯವರು ಇಳಿಯುವ ತನಕ ಒಂದೊಂದು ಮುಖವನ್ನೂ ನೋಡುತ್ತ ನಿಂತಳು. ಗುಡಿಸುವವರು ಡಬ್ಬಿಯೊಳಗೆ ಹೋದರು. ಆಮೇಲೆ ಅವಳು ಬಸ್ ಸ್ಟ್ಯಾಂಡಿನ ದಾರಿ ಹಿಡಿದಳು.